ಒಂಬತ್ತರ ಡಿಫರೆನ್ಸ್

ಈಗ ಬ್ಯಾಂಕಿನಲ್ಲಿ ಕಲಿಯುವುದಕ್ಕೂ ಟಾರ್ಗೆಟ್ ಇದೆ. ಮಾರ್ಚ್ 31ರೊಳಗೆ ಇಷ್ಟು ಆನ್‌ಲೈನ್ ಪಾಠ ಮುಗಿಸಿ ಎಂದು ಮೇಲಿನಿಂದ ಸರ್ಕ್ಯುಲರ್ ಬರುತ್ತದೆ. ಕೌಂಟರಿನ ಮುಂದೆ ಪಿಂಚಣಿದಾರರ ಸಾಲು. ಪಕ್ಕದ ಖಾಲಿ ಕಂಪ್ಯೂಟರಿನಲ್ಲಿ ಗ್ರಾಹಕಸೇವೆಯ ವಿಡಿಯೊ ತನ್ನ ಪಾಡಿಗೆ ಓಡುತ್ತಿರುತ್ತದೆ. ಕೊನೆಯ ಪ್ರಶ್ನೆಗಳ ಉತ್ತರ ಆಗಲೇ ವಾಟ್ಸಾಪಿಗೆ ಬಂದು ಬಿದ್ದಿರುತ್ತದೆ: ಒಂದಕ್ಕೆ ಬಿ, ಎರಡಕ್ಕೆ ಡಿ. ನನಗೆ ಈ ಸಿಬ್ಬಂದಿಯ ಮೇಲೆ ಸಿಟ್ಟಿಲ್ಲ. ಸಾಲು ಕರಗಿಸುವುದೋ ಸೇವೆಯ ಪಾಠ ಕೇಳುವುದೋ ಎಂದರೆ ಬುದ್ಧಿಯಿದ್ದವರು ಸಾಲು ಕರಗಿಸುತ್ತಾರೆ.

ಲೆಡ್ಜರಿನ ಕಾಲದಲ್ಲಿ ಮೇಷ್ಟ್ರ ಕೆಲಸವನ್ನು ಟ್ಯಾಲಿಯೇ ಮಾಡುತ್ತಿತ್ತು. ಡೆಬಿಟ್ಟು ಕ್ರೆಡಿಟ್ಟು ಸಮವಾಗದೆ ಯಾರೂ ಏಳುವಂತಿಲ್ಲ. ಕರಾವಳಿಯ ಒಂದು ಶಾಖೆ, ಆಷಾಢದ ಮಳೆ, ಊರಿಗೆ ಇನ್ನು ಒಂದೇ ಬಸ್ಸು; ಡಿಫರೆನ್ಸ್ 270 ರೂಪಾಯಿ. ಹೊಸ ಹುಡುಗ ಮೊದಲ ವೋಚರಿನಿಂದ ಟಿಕ್ ಹಾಕಲು ಶುರುಮಾಡುತ್ತಾನೆ. ಹೆಡ್ ಕ್ಲರ್ಕ್ ಕೊಡೆ ಹುಡುಕುತ್ತಲೇ ಕೇಳುತ್ತಾರೆ, “ಒಂಬತ್ತರಿಂದ ಹೋಗ್ತದಾ ನೋಡಿ ಮಾರಾಯ್ರೆ.” ಹೋಗುತ್ತದೆ. ಹಾಗಾದರೆ ಎಲ್ಲೋ ಅಂಕಿ ಅದಲುಬದಲಾಗಿರಬೇಕು. ಕೊನೆಗೆ ಸೊನ್ನೆ ಇದೆಯಲ್ಲ, ನೂರು-ಹತ್ತರ ಮನೆ ನೋಡಿ. ಅಲ್ಲಿ ಮೂರರ ಅಂತರ ಇರುವ ಮೊತ್ತ ಯಾವುದು? 1,850 ಇದ್ದದ್ದು 1,580 ಆಗಿ ಕೂತಿದೆ! ಅದು ಸಿಗದೆ ಹೋಗಿದ್ದರೆ ಅರ್ಧ ಮಾಡಿ 135ರ ವೋಚರ್ ಹುಡುಕಬೇಕಿತ್ತು. ಕ್ರೆಡಿಟ್ಟಿನದು ಡೆಬಿಟ್ಟಿಗೆ ಹೋದರೆ ತಪ್ಪು ಇಮ್ಮಡಿಯಾಗುತ್ತದೆ.

ಪ್ರೇರಣೆಯ ಬಗ್ಗೆ ಮ್ಯಾನೇಜ್‌ಮೆಂಟಿನವರು ದಪ್ಪ ಪುಸ್ತಕ ಬರೆದಿದ್ದಾರೆ. ಇಲ್ಲಿದ್ದದ್ದು ಬಸ್ಸು. ಅದೂ ಹುಡುಗನೊಬ್ಬನ ಬಸ್ಸಲ್ಲ, ಹೆಡ್ ಕ್ಲರ್ಕರದೂ ಅದೇ. ಹೇಳಿಕೊಡುವವನೂ ಕಲಿಯುವವನ ಜೊತೆ ಸಿಕ್ಕಿಹಾಕಿಕೊಂಡಿದ್ದಾನೆ. ಹಾಗಾಗಿ ಭಾಷಣವಿಲ್ಲ, ನೇರ ವಿಷಯ. ಪರೀಕ್ಷೆಗಳೂ ಇದ್ದವೆನ್ನಿ. ಬ್ಯಾಂಕಿನವರಿಗಾಗಿಯೇ 1928ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟಿನ ಸಿಎಐಐಬಿ ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತಿತ್ತು, ಆ ಆಸೆಗೆ ರಾತ್ರಿ ಕೂತು ಓದಿದವರು ಎಷ್ಟೋ ಮಂದಿ. ಆ ಓದು ವ್ಯರ್ಥ ಎನ್ನಲಾರೆ. ಆದರೆ ಇನ್‌ಕ್ರಿಮೆಂಟ್ ಪುಸ್ತಕ ತೆರೆಸೀತು, ಪಕ್ಕದವನ ಲೆಡ್ಜರಿಗೆ ಬಗ್ಗಿ ನೋಡಿಸಲಾರದು.

ಈಗ ಟ್ಯಾಲಿಯನ್ನು ಕೋರ್ ಬ್ಯಾಂಕಿಂಗ್ ತಾನೇ ಮಾಡಿಕೊಳ್ಳುತ್ತದೆ. ಒಳ್ಳೆಯದೇ ಆಯಿತು, ಪಾಸ್‌ಬುಕ್ ಬರೆಸಲು ಅರ್ಧ ದಿನ ಕಾಯುತ್ತಿದ್ದ ಗ್ರಾಹಕರನ್ನು ಕೇಳಿ ನೋಡಿ. ಹೊಸಬರ ತಪ್ಪು ಮಾತ್ರ ಈಗ ಸಂಜೆಗೇ ಸಿಗಬೇಕೆಂದಿಲ್ಲ. ಅದು ತಿಂಗಳುಗಳಾದ ಮೇಲೆ ಆಡಿಟ್ ವರದಿಯಲ್ಲಿ ಬರುತ್ತದೆ, ವಿವರಣೆ ಕೇಳುವ ಪತ್ರದ ಜೊತೆ. ಅಷ್ಟರಲ್ಲಿ ಪಕ್ಕದ ಸೀಟಿನವರಿಗೆ ವರ್ಗವಾಗಿರುತ್ತದೆ.

ಕಲಿಕೆ ಸತ್ತಿಲ್ಲ, ಜಾಗ ಬದಲಿಸಿದೆ ಅಷ್ಟೆ. ಟ್ರೈನಿಂಗ್ ಸೆಂಟರಿಗೆ ಹೋದವರನ್ನು ವಿಚಾರಿಸಿದರೆ ಸ್ಲೈಡುಗಳು ನೆನಪಿರುವುದಿಲ್ಲ. ಬಾಕಿದಾರರ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಸಿಸ್ಟಮ್ ಬೇಡವೆಂದ ಎಂಟ್ರಿಯನ್ನು ಯಾವ ಮೆನುವಿನಲ್ಲಿ ಹಾಕಬೇಕು ಎಂದು ಬೇರೆ ಶಾಖೆಯವರು ಚಹಾ ಕುಡಿಯುತ್ತ ಹೇಳಿದ್ದು ಚೆನ್ನಾಗಿ ನೆನಪಿರುತ್ತದೆ. ಆ ಚಹಾದ ಬಿಡುವನ್ನು ಈಚೆಗೆ ಹತ್ತು ನಿಮಿಷಕ್ಕೆ ಇಳಿಸಿದ್ದಾರೆ. ಉತ್ಪಾದಕತೆ ಹೆಚ್ಚಿಸುವುದಕ್ಕಂತೆ.