ಸೀತಾಳೆ ದಂಡೆ

ಮರದ ಮೇಲೆ ಬೆಳೆದ ಗಿಡವೆಂದರೆ ನಮ್ಮ ಪೇಟೆಯ ಜನಕ್ಕೆ ಥಟ್ಟನೆ ನೆನಪಾಗುವುದು ಬದನಿಕೆ. ಪರರ ಮನೆಯಲ್ಲಿ ತಂಗಿದವರೆಲ್ಲ ಪರರ ಅನ್ನಕ್ಕೆ ಕಾದವರೇ ಎಂದು ಎಣಿಸುವ ಲೋಕದಲ್ಲಿ ಗಿಡಗಳಿಗೆ ಮಾತ್ರ ಬೇರೆ ನ್ಯಾಯ ದೊರೆಯುವುದೆಂತು? ಆದರೆ ಮಲೆನಾಡಿನ ಮರಗಳ ತೋಳಿನ ಮೇಲೆ ಕುಳಿತ ಸೀತಾಳೆ ದಂಡೆ ಅಂತಹ ಗಿಡವಲ್ಲ. ಅದು ಮರವನ್ನು ಕೇಳುವುದು ಇಂಬನ್ನು ಮಾತ್ರ; ಅನ್ನವನ್ನಲ್ಲ. ಮಳೆಯ ನೀರು, ಗಾಳಿಯ ತೇವ, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಯ ಸಾರ, ಎಲೆಗಳ ನಡುವೆ ಸೋರಿ ಬರುವ ಬಿಸಿಲು—ಇಷ್ಟೇ ಅದರ ಸಂಸಾರ.

ವನವಾಸದಲ್ಲಿ ಸೀತಾದೇವಿ ಈ ಹೂವನ್ನು ಮುಡಿದಳೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ನಸುಗೆಂಪು ಚುಕ್ಕೆಗಳ ನೂರಾರು ಪುಟ್ಟ ಹೂಗಳು ಒಂದೇ ತೊಟ್ಟಿನ ಸುತ್ತ ಒತ್ತಾಗಿ ಅರಳಿ ಜೋಲುವುದನ್ನು ಕಂಡರೆ ಯಾರೋ ಕಟ್ಟಿಟ್ಟ ದಂಡೆಯೆಂದೇ ತೋರುತ್ತದೆ. ದೂರದ ಅಸ್ಸಾಮಿನಲ್ಲಿಯೂ ಬಿಹು ಹಬ್ಬದ ಹೆಣ್ಣುಮಕ್ಕಳು ಇದನ್ನೇ ಮುಡಿಯುತ್ತಾರೆ. ಅದು ಆ ರಾಜ್ಯದ ಹೂವೂ ಹೌದು. ಶಾಸ್ತ್ರಜ್ಞರಿಗೆ ಇದು ರಿಂಕೋಸ್ಟೈಲಿಸ್ ರೆಟ್ಯೂಸ. 1753ರಲ್ಲಿ ಲಿನೇಯಸ್ ಇದನ್ನು ‘ಎಪಿಡೆಂಡ್ರಂ’ ಎಂಬ ಕುಲಕ್ಕೆ ಸೇರಿಸಿದ್ದ. ಮರದ ಮೇಲಿನದು ಎಂದಷ್ಟೇ ಆ ಮಾತಿನ ಅರ್ಥ.

ನಮ್ಮ ಮನೆಗೆ ಈ ಗಿಡ ಬಂದದ್ದು ಅಮ್ಮನ ಜೊತೆಯಲ್ಲಿ. ತಂದೆಯವರು ತೀರಿಕೊಂಡ ವರ್ಷ, ಊರಿನ ಹಿತ್ತಿಲಿನ ಹಳೆಯ ಹಲಸಿನ ಮರ ಆಷಾಢದ ಗಾಳಿಗೆ ಉರುಳಿತು. ಒಂಟಿಯಾಗಿ ಉಳಿದ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಬಂದೆ. ಅವಳ ಟ್ರಂಕಿನ ಪಕ್ಕದಲ್ಲಿ ಒಂದು ಗೋಣಿಚೀಲವಿತ್ತು. ಅದರೊಳಗೆ ಬಿದ್ದ ಮರದ ಕೊಂಬೆಯ ತುಂಡು, ಅದನ್ನು ತಬ್ಬಿಕೊಂಡ ಸೀತಾಳೆ ದಂಡೆ.

ಎರಡನೆಯ ಮಹಡಿಯ ಬಾಡಿಗೆ ಮನೆ ನಮ್ಮದು. ನನ್ನಾಕೆ ಉತ್ಸಾಹದಿಂದ ಕೆಮ್ಮಣ್ಣು, ಗೊಬ್ಬರ ತುಂಬಿದ ಕುಂಡವನ್ನು ತಂದಿಟ್ಟಳು. ಅಮ್ಮ ನಕ್ಕು, “ಮಣ್ಣಲ್ಲಿ ಹೂತರೆ ಇದು ಉಸಿರು ಕಟ್ಟಿ ಸಾಯ್ತದೆ ಕಣೇ” ಎಂದಳು. ಮಾತು ನಿಜ. ಇದರ ದಪ್ಪ ಬೇರಿಗೆ ಸ್ಪಂಜಿನಂತಹ ಬೆಳ್ಳನೆಯ ಹೊದಿಕೆಯಿದೆ. ಅದು ನೀರನ್ನು ಕ್ಷಣದಲ್ಲಿ ಹೀರಿ ಹಸುರಾಗುತ್ತದೆ. ಗಾಳಿಯಾಡಿದರೆ ಮತ್ತೆ ಬೆಳ್ಳಗಾಗುತ್ತದೆ. ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ.

ಬೆಳೆಸುವ ಕ್ರಮ ಸರಳ, ತಾಳ್ಮೆಯೇ ಕಠಿನ. ಗಿಡವನ್ನು ಒರಟು ತೊಗಟೆಯ ತುಂಡಿಗೆ ಬಟ್ಟೆಯ ಪಟ್ಟಿಯಿಂದ ಮೆಲ್ಲಗೆ ಕಟ್ಟಬೇಕು. ಬೇರು ಹಿಡಿಯುವ ತನಕ ಕದಲಿಸಬಾರದು. ಬೆಳಗಿನ ಎಳೆಬಿಸಿಲು ಬೇಕು, ಮಧ್ಯಾಹ್ನದ ಉರಿ ಬೇಡ. ಮುಂಜಾನೆ ಬೇರು ಹಸುರಾಗುವಷ್ಟು ನೀರು ಚಿಮುಕಿಸಿದರೆ ಸಂಜೆಯ ಹೊತ್ತಿಗೆ ಆರಬೇಕು. ಎಲೆಗಳ ಸುಳಿಯಲ್ಲಿ ನೀರು ನಿಲ್ಲಬಾರದು. ಮೈಸೂರಿನ ಒಣ ಬೇಸಗೆಯಲ್ಲಿ ದಿನಕ್ಕೆ ಎರಡು ಬಾರಿ, ಚಳಿಗಾಲದಲ್ಲಿ ದಿನ ಬಿಟ್ಟು ದಿನ ನೀರು ಸಾಕು.

ಎರಡು ಬೇಸಗೆ ಕಳೆದರೂ ಹೂವಿಲ್ಲ. ಅಮ್ಮನಿಗೂ ಊರಿನ ಹಂಬಲ ಹೋಗಿರಲಿಲ್ಲ. “ನಿನಗೆ ಇಲ್ಲಿ ಒಗ್ಗಿತೇನಮ್ಮಾ?” ಎಂದು ಕೇಳಿದರೆ, “ಮೊದಲು ಅದನ್ನು ಕೇಳು ಮಾರಾಯ” ಎಂದು ಗಿಡದ ಕಡೆಗೆ ಕೈ ತೋರುವಳು. ಮೂರನೆಯ ವರ್ಷ, ಮೇ ತಿಂಗಳಿನಲ್ಲಿ, ಎಲೆಯ ಸಂದಿನಿಂದ ಒಂದು ತೆನೆ ಇಳಿಯಿತು. ಅಂದು ಅಮ್ಮ ನೆರೆಮನೆಯವರನ್ನೆಲ್ಲ ತಾನೇ ಹೋಗಿ ಕರೆದು ತಂದಳು. ಅಷ್ಟು ದಿನವೂ ಅವರ ಹೊಸ್ತಿಲನ್ನು ತುಳಿದವಳಲ್ಲ.

ಬಂದವರಲ್ಲೊಬ್ಬರು, “ಕಾಡಿನಿಂದ ನಮಗೂ ಎರಡು ಕಿತ್ತು ತರಿಸಿಕೊಡಿ” ಎಂದರು. ಅಮ್ಮ ಒಪ್ಪಲಿಲ್ಲ. ಇದರ ಬೀಜ ಧೂಳಿನಷ್ಟು ಸಣ್ಣದು; ಒಳಗೆ ಬುತ್ತಿಯ ಸಂಗ್ರಹವಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಮೊಳಕೆ. ಸಾವಿರಗಟ್ಟಲೆ ಬೀಜ ಹಾರಿದರೂ ಗಿಡವಾಗುವುದು ಎಲ್ಲೋ ಒಂದು. ಹೂ ಬಿಡಲು ಮತ್ತೆ ಹಲವು ವರ್ಷ. ಸಕ್ಕರೆ ಬೆರೆತ ಪಾಕದಲ್ಲಿ ಆರ್ಕಿಡ್ ಬೀಜವನ್ನು ಮೊಳೆಯಿಸುವ ವಿಧಾನವನ್ನು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಪ್ರಕಟಿಸಿದ. ಹಾಗೆ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಸಿಗುವಾಗ ಕಾಡಿಗೆ ಕೈಹಾಕುವುದೇಕೆ?

ಶಾಲೆಯ ಸಮಾರಂಭಕ್ಕೆ ಹೊರಟ ನನ್ನ ಮಗಳು ಆ ದಂಡೆ ತನಗೆ ಬೇಕೆಂದು ಹಟ ಹಿಡಿದಳು. ಮೂರು ವರ್ಷ ಕಾದು ಪಡೆದ ಹೂವು! ನಾವಿಬ್ಬರೂ ಬೇಡವೆಂದೆವು. ಅಮ್ಮ ಮಾತನಾಡದೆ ಕತ್ತರಿ ತಂದು ತೆನೆಯನ್ನು ಕತ್ತರಿಸಿ ಮೊಮ್ಮಗಳ ಜಡೆಗೆ ಮುಡಿಸಿದಳು. “ಹೂ ಕೊಯ್ದರೆ ಗಿಡ ಸಾಯೋದಿಲ್ಲ, ಗಿಡ ಕಿತ್ತರೆ ಸಾಯ್ತದೆ. ಮುಂದಿನ ವರ್ಷ ಮತ್ತೆ ಬಿಡ್ತದೆ, ನಾನೇ ನೋಡ್ಕೊಳ್ತೇನೆ” ಎಂದಳು.

ಮುಂದಿನ ವರ್ಷದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.