ಆನೆಕೊಂಡದಿಂದ ಹರಿಹರಕ್ಕೆ ಹುಡುಗಿಯರ ದಂಡು

ನಿಮ್ಮ ಮನೆಯ ಹೆಣ್ಣುಮಕ್ಕಳೂ ಈಗ ಕೊರಿಯಾ ದೇಶದ ಧಾರಾವಾಹಿ ನೋಡುತ್ತಿರಬಹುದು. ನನ್ನ ತಂಗಿಯ ಮಗಳಿಗೂ ಅವಳ ಕಾಲೇಜಿನ ನಾಲ್ವರು ಗೆಳತಿಯರಿಗೂ ಸೋಲ್ ನಗರದಲ್ಲಿ 1395ರಲ್ಲಿ ಕಟ್ಟಿದ ಅರಮನೆ ಗೊತ್ತು, ಕೋಸಿಗೆ ಉಪ್ಪು-ಖಾರ ಹಾಕಿ ಹುಳಿ ಬರಿಸುವ ಕಿಮ್ಚಿ ಗೊತ್ತು. ಇವಳಂತೂ ಓದಲು ಅಲ್ಲಿಗೇ ಹೊರಟಿದ್ದಾಳೆ. "ಅಲ್ಲಿಯವರು ನಿಮ್ಮೂರಲ್ಲಿ ಏನಿದೆ ಅಂತ ಕೇಳಿದ್ರೆ ಏನು ಹೇಳಲಿ ದೊಡ್ಡಮ್ಮ?" ಎಂದಳು. ಹೇಳುವುದೇಕೆ, ತೋರಿಸಿಯೇ ಬಿಡೋಣ ಎಂದು ಐವರನ್ನೂ ಹೊರಡಿಸಿದೆ.

ಮೊದಲು ನಮ್ಮ ಆನೆಕೊಂಡದ ಈಶ್ವರ ದೇವಸ್ಥಾನ. ಗುಡಿ ಚಿಕ್ಕದು, ಆದರೆ ಬಹಳ ಹಳೆಯದು. ಉಚ್ಚಂಗಿಯ ಅರಸರ ಆನೆಗಳು ನೀರು ಕುಡಿಯುತ್ತಿದ್ದ ಹೊಂಡದಿಂದ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ.

ಅಲ್ಲಿಂದ ಬಸ್ಸಿನಲ್ಲಿ ಹರಿಹರ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಮಂಟಪದ ಕಂಬಗಳು ಕಡೆದು ನುಣುಪು ಮಾಡಿದಂತಿವೆ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ನಮ್ಮ ದಂಡಿನಲ್ಲಿ ವಿಭೂತಿಯ ಮನೆಯವರೂ ಇದ್ದರು, ನಾಮದ ಮನೆಯವರೂ ಇದ್ದರು. ಎಲ್ಲರೂ ಒಂದೇ ತೀರ್ಥಕ್ಕೆ ಕೈಯೊಡ್ಡಿದಾಗ ನಮ್ಮ ಹುಡುಗಿ, "ದೊಡ್ಡಮ್ಮ, ಇದನ್ನೇ ಹೇಳ್ತೀನಿ" ಎಂದಳು. ಅಷ್ಟು ದೂರ ಹೋಗುವ ಮಗಳ ಕೈಗೆ ಚಿನ್ನ ಕೊಟ್ಟಿದ್ದರೂ ನನಗೆ ಇಷ್ಟು ಸಮಾಧಾನ ಆಗುತ್ತಿರಲಿಲ್ಲ.

ಸಂಜೆ ದಾವಣಗೆರೆಗೆ ಬಂದು ಬೆಣ್ಣೆದೋಸೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ನಾಟಕದ ಥಿಯೇಟರಿನ ಹತ್ತಿರ ರಾಗಿದೋಸೆ ಮಾರುತ್ತಿದ್ದರಂತೆ; ಆಮೇಲೆ ಅವರ ಮಕ್ಕಳು ಅದನ್ನೇ ಅಕ್ಕಿಹಿಟ್ಟಿನ ಬೆಣ್ಣೆದೋಸೆ ಮಾಡಿದರಂತೆ. ನೋಡಿದಿರಾ, ಒಂದು ಊರಿನ ಹೆಸರನ್ನು ಒಬ್ಬ ಹೆಂಗಸಿನ ಒಲೆ ಬೆಳಗಿಸಿದೆ!

ಮನೆಯಲ್ಲಿ ಮಾಡುವವರಿಗೆ ನನ್ನ ಅಳತೆ: ನಾಲ್ಕು ಲೋಟ ದೋಸೆಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕಿ. ರುಬ್ಬುವಾಗ ಎರಡು ಲೋಟ ಮಂಡಕ್ಕಿಯನ್ನು ತೊಯ್ಸಿ ಹಿಂಡಿ ಸೇರಿಸಿ. ರಾತ್ರಿಯಿಡೀ ಹುದುಗಲಿ. ಕಾದ ಹಂಚಿಗೆ ದಪ್ಪಗೆ ಹುಯ್ದು ಬೆಣ್ಣೆ ಹಾಕಿ. ಬೆಣ್ಣೆಯಲ್ಲಿ ಜಿಪುಣತನ ಬೇಡ. ಜೊತೆಗೆ ಅರಿಶಿನ ಹಾಕದ ಆಲೂಗೆಡ್ಡೆ ಪಲ್ಯ, ಬಿಳಿ ಕಾಯಿಚಟ್ನಿ.

ನಿಮ್ಮೂರಲ್ಲೂ ಒಂದು ಹಳೆಯ ಗುಡಿ, ಒಂದು ತಿಂಡಿ, ಒಂದು ಕಥೆ ಇದ್ದೇ ಇರುತ್ತದೆ. ಮಕ್ಕಳು ದೂರ ಹೋಗುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ತೋರಿಸಿಬಿಡಿ.