ಪ್ರಾರ್ಥನೆಗೆ ಹುಡುಗರು ಬರಬೇಕಾದರೆ

ಪ್ರಯೋಗ ಮಾಡಿಸದೆ ಬರೀ ಓದಿಸಿದ ಪಾಠ ಪರೀಕ್ಷೆ ಮುಗಿದ ಮರುದಿನವೇ ಹುಡುಗರ ತಲೆಯಿಂದ ಇಳಿದುಹೋಗುತ್ತದೆ. ಇದು ವಿಜ್ಞಾನದ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸಂಗತಿ. ಪ್ರಾರ್ಥನೆಯ ಪಾಡೂ ಅದೇ. ಹೊಳಲ್ಕೆರೆ, ಹೊಸದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜ ಇಷ್ಟಲಿಂಗ ಹಿಡಿದು ಕೂತಿದ್ದರೆ ಮೊಮ್ಮಗ ಮೊಬೈಲು ಹಿಡಿದು ಕೂತಿರುತ್ತಾನೆ. ಕರೆದರೆ, ‘ಯಾಕೆ ಮಾಡಬೇಕು?’ ಎನ್ನುತ್ತಾನೆ. ಪ್ರಶ್ನೆಯೇನೋ ಒಳ್ಳೆಯದೇ.

ಸಿರಿಗೆರೆಯ ಹಿರಿಯ ಗುರುಗಳಾದ ಶಿವಕುಮಾರ ಶಿವಾಚಾರ್ಯರು ಇದಕ್ಕೆ ನಾಟಕದಲ್ಲಿ ಉತ್ತರ ಹುಡುಕಿದರು. ‘ಮರಣವೇ ಮಹಾನವಮಿ’ ಅವರೇ ಬರೆದದ್ದು. ಅವರ ಶಿಷ್ಯರಾದ ಪಂಡಿತಾರಾಧ್ಯ ಶಿವಾಚಾರ್ಯರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಕಲಾಸಂಘ ಕಟ್ಟಿದರು; 1997ರಲ್ಲಿ ‘ಶಿವಸಂಚಾರ’ ಹುಟ್ಟಿತು. ಪ್ರತಿವರ್ಷ ಹೊಸ ನಾಟಕಗಳನ್ನು ಕಲಿತು ನಾಡೆಲ್ಲ ಸುತ್ತುವ ತಂಡ ಅದು. 2019ರ ಆಗಸ್ಟ್‌ನಲ್ಲಿ ‘ಮತ್ತೆ ಕಲ್ಯಾಣ’ ಎಂದು ಊರೂರಿಗೆ ಹೋದಾಗ ಸ್ವಾಮಿಗಳು ವಿದ್ಯಾರ್ಥಿಗಳ ಪ್ರಶ್ನೆಗೂ ಕೂತರು. ಉಪದೇಶ ಕೇಳಿಸುವುದು ಸುಲಭ, ಪ್ರಶ್ನೆ ಕೇಳಿಸಿಕೊಳ್ಳುವುದು ಕಷ್ಟ.

‘ಮಠದಲ್ಲಿ ಬಣ್ಣ ಹಚ್ಚಿ ಕುಣಿಯೋದು ಪೂಜೆಯೇನ್ರೀ ಮೇಷ್ಟ್ರೆ?’ ಎಂದು ನಮ್ಮೂರಿನ ಹಿರಿಯರೊಬ್ಬರು ಕೇಳುತ್ತಿದ್ದರು. ಈ ಜಗಳ ನಮ್ಮದೊಂದೇ ಅಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1818ರಲ್ಲಿ ಕೆಲವು ಯಹೂದ್ಯರು ತಮ್ಮ ಪ್ರಾರ್ಥನಾ ಮಂದಿರಕ್ಕೆ ಆರ್ಗನ್ ವಾದ್ಯ ತಂದರು, ಹೀಬ್ರೂ ಜೊತೆ ಜರ್ಮನ್ ಭಾಷೆಯಲ್ಲೂ ಪ್ರಾರ್ಥಿಸಿದರು. ಹೊಸ ತಲೆಮಾರು ದೂರ ಸರಿಯುತ್ತಿದೆಯೆಂಬ ಚಿಂತೆ ಅವರದು. ಸಂಪ್ರದಾಯಸ್ಥ ರಬ್ಬಿಗಳು ಮರುವರ್ಷವೇ ಪುಸ್ತಕ ಅಚ್ಚು ಹಾಕಿಸಿ ಖಂಡಿಸಿದರು. ನಮಗೆ ಭಾಷೆಯ ತೊಡಕಿಲ್ಲ. ಶರಣರು ಒಂಬತ್ತು ಶತಮಾನದ ಹಿಂದೆಯೇ ಕನ್ನಡದಲ್ಲಿ ಮಾತಾಡಿದ್ದಾರೆ. ನಾವು ಅದನ್ನೂ ಮಗ್ಗಿಯಂತೆ ಉರುಹಚ್ಚಿಸಿದೆವು!

ಒಮ್ಮೆ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೆ. ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ ಕಥೆ. ವಾಪಸು ಬರುವಾಗ ಬಸ್ಸಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ‘ಸಾರ್, ನಮ್ಮೂರಲ್ಲಿ ಈಗ ಹಿಂಗೆ ಮದುವೆಯಾದ್ರೆ ಸುಮ್ನಿರ್ತಾರಾ?’ ಎಂದಳು. ಬಸ್ಸಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಇದ್ದರು. ‘ಇರೋದಿಲ್ಲಮ್ಮ’ ಎಂದೆ. ಊರು ಬರುವವರೆಗೂ ಅವರವರಲ್ಲೇ ವಾದ. ನಾನು ನಡುವೆ ಬಾಯಿ ಹಾಕಲಿಲ್ಲ.

ಸಂಜೆ ಚಪ್ಪಾಳೆ ತಟ್ಟಿದವರು ಬೆಳಿಗ್ಗೆ ಎದ್ದು ಪೂಜೆಗೆ ಕೂರುತ್ತಾರೆಂದು ನಾನು ಹೇಳಲಾರೆ. ಆ ಹಿರಿಯರ ಅನುಮಾನದಲ್ಲಿ ಅಷ್ಟು ನಿಜವಿದೆ. ಆದರೆ ಆ ಹುಡುಗಿ ಮರುವಾರ ಶಾಲೆಯ ಬೀರುವಿನಿಂದ ಬಸವಣ್ಣನ ವಚನಗಳ ಪುಸ್ತಕ ಕೇಳಿ ಒಯ್ದಳು. ಗಡುವು ಮುಗಿದು ಎಷ್ಟೋ ದಿನವಾಯಿತು. ನಾನೂ ಕೇಳಲು ಹೋಗಿಲ್ಲ.